ಕೈಗೆ ಕತ್ತಿ ಬಿದ್ದರೆ: ಹೊಲಿಗೆಗೆ ಮೊದಲು, ಹೊಲಿಗೆ ಆದಮೇಲೆ

ಈಗಲೇ ಮನೆಯಲ್ಲಿ ಯಾರದ್ದಾದರೂ ಬೆರಳು ಕೊಯ್ದು ರಕ್ತ ಹರಿಯುತ್ತಿದ್ದರೆ ಈ ಮೊದಲ ಭಾಗ ಬಿಟ್ಟುಬಿಡಿ. ನೇರವಾಗಿ ‘ಮೊದಲ ಹತ್ತು ನಿಮಿಷ’ಕ್ಕೆ ಹೋಗಿ. ಉಳಿದದ್ದನ್ನು ಗಾಡಿಯಲ್ಲಿ ಕೂತು ಓದಿದರೂ ಆಯಿತು.

ನಮ್ಮ ಅಪ್ಪಯ್ಯನ ಎಡಗೈ ತೋರುಬೆರಳು ಮಡಚುವುದಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಶಿರಸಿ ಹತ್ತಿರದ ನಮ್ಮೂರಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದವರಿಗೆ ಮೆಟ್ಟುಗತ್ತಿ ತಾಗಿ ಬೆರಳಿನ ಒಳಬದಿ ಕೊಯ್ಯಿತು. ಹತ್ತಿರದ ಒಂದು ದವಾಖಾನೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು, ಟಿಟಿ ಇಂಜೆಕ್ಷನ್ ಕೊಟ್ಟರು. ‘ಹೊಲಿಗೆ ಹಾಕಿದ್ವಲಾ, ಇನ್ನು ಅಡ್ಡಿಲ್ಲೆ’ ಎಂದು ಮನೆಗೆ ಬಂದರು. ಹತ್ತು ದಿನಕ್ಕೆ ಗಾಯ ಚೆಂದವಾಗಿ ಮಾಗಿತು. ಬೆರಳು ಮಾತ್ರ ಮಡಚಲಿಲ್ಲ. ಬಾವು ಇಳಿದ ಮೇಲೆ ಸರಿಯಾಗುತ್ತದೆ ಎಂದು ಕಾದೆವು, ಎಣ್ಣೆ ಹಚ್ಚಿ ತಿಕ್ಕಿದೆವು, ಮೂರು ತಿಂಗಳ ಮೇಲೆ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಕೇಳಿದ್ದು ಒಂದೇ ಮಾತು: ‘ಹೊಲಿಗೆ ಹಾಕುವ ಮುಂಚೆ ಬೆರಳು ಮಡಚಿ ನೋಡಿದ್ದರಾ?’ ಯಾರೂ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ.

ಆಮೇಲೆ ನಾನು ಫಿಸಿಯೋಥೆರಪಿ ಓದಿದೆ. ಈಗ ಕುಮಟಾದಲ್ಲಿ ಕೆಲಸ, ಕೈಯ ಪೇಶಂಟುಗಳನ್ನೇ ಜಾಸ್ತಿ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಕೈ ಶಸ್ತ್ರಚಿಕಿತ್ಸೆ ಎಷ್ಟೋ ಮುಂದೆ ಹೋಗಿದೆ. ಆದರೂ ಹೊಲಿಗೆ ಬಿಚ್ಚಿಸಿಕೊಂಡು ಎರಡು ತಿಂಗಳಾದ ಮೇಲೆ ಮಡಚದ ಬೆರಳು ಹಿಡಿದುಕೊಂಡು ಬರುವವರು ಇನ್ನೂ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

‘ನರ ಕಟ್ಟಾಗಿದೆ’ ಅಂದರೆ ಯಾವ ನರ?

ನಮ್ಮಲ್ಲಿ ಒಂದು ತೊಂದರೆ ಮಾತಿನಲ್ಲೇ ಇದೆ. ಕೈಯೊಳಗೆ ದಾರದ ಹಾಗೆ ಕಾಣುವುದಕ್ಕೆಲ್ಲ ನಾವು ‘ನರ’ ಎನ್ನುತ್ತೇವೆ. ನಿಜಕ್ಕೂ ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು ರಕ್ತನಾಳ, ಅದು ಕಡಿದರೆ ರಕ್ತ ಚಿಮ್ಮುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದು ನಿಜವಾದ ನರ, ಅಂದರೆ ಸ್ಪರ್ಶ ತಿಳಿಸುವ, ಸ್ನಾಯುವಿಗೆ ಅಪ್ಪಣೆ ಕೊಡುವ ತಂತಿ. ಅದು ಕಡಿದರೆ ಬೆರಳಿನ ಆ ಬದಿ ಜೋಮು. ಮೂರನೆಯದು ಟೆಂಡನ್, ಹೊಳೆಯುವ ಬಿಳಿ ಹುರಿ. ಮುಂಗೈಯಲ್ಲಿರುವ ಸ್ನಾಯು ಎಳೆದರೆ ಬೆರಳು ಮಡಚುವುದು ಈ ಹುರಿಯಿಂದ. ಬಾವಿಯ ರಾಟೆಗೆ ಹಗ್ಗ ಇದ್ದ ಹಾಗೆ ಇದು. ಹಗ್ಗ ಕಡಿದರೆ ರಾಟೆ ಎಷ್ಟೇ ಗಟ್ಟಿಯಿದ್ದರೂ ಕೊಡ ಮೇಲೆ ಬರುವುದಿಲ್ಲ.

ಟೆಂಡನ್ ಕಡಿದರೆ ರಕ್ತವೂ ಜಾಸ್ತಿ ಬರುವುದಿಲ್ಲ, ನೋವೂ ಅಂಥದ್ದಲ್ಲ. ಅದಕ್ಕೇ ಅದು ಕಣ್ತಪ್ಪುತ್ತದೆ. ಚರ್ಮ ಹೊಲಿದರೆ ಚರ್ಮ ಕೂಡುತ್ತದೆ, ಅಷ್ಟೇ. ಒಳಗೆ ಕಡಿದ ಹುರಿಯ ತುದಿ ಅಂಗೈಯತ್ತ ಜಾರಿ ಹೋಗಿರುತ್ತದೆ.

ಹಾಗಾಗಿ ಹೊಲಿಗೆಗೆ ಮೊದಲು, ಜೋಮು ಬರಿಸುವ ಇಂಜೆಕ್ಷನ್ ಚುಚ್ಚುವುದಕ್ಕೂ ಮೊದಲು, ನೋಡಬೇಕಾದದ್ದು ಇಷ್ಟು. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲೆ ಸುಮ್ನೆ ಬಿಡಿ. ಸಡಿಲ ಬಿಟ್ಟ ಕೈಯಲ್ಲಿ ಬೆರಳುಗಳು ತಾವಾಗಿಯೇ ಸ್ವಲ್ಪ ಬಾಗಿರುತ್ತವೆ. ತೋರುಬೆರಳು ಕಡಿಮೆ, ಕಿರುಬೆರಳು ಜಾಸ್ತಿ, ಮೆಟ್ಟಿಲು ಇಳಿದ ಹಾಗೆ. ಅದರಲ್ಲಿ ಒಂದು ಮಾತ್ರ ನೆಟ್ಟಗೆ ಮಲಗಿದ್ದರೆ ಅದರ ಹುರಿ ಕಡಿದಿದೆ ಎಂದೇ ತಿಳಿಯಿರಿ. ಆಮೇಲೆ ಬೆರಳಿನ ನಡುವಿನ ಭಾಗವನ್ನು ಮೆಲ್ಲಗೆ ಹಿಡಿದು ತುದಿಗಂಟನ್ನಷ್ಟೇ ಮಡಚಲು ಹೇಳಿ. ಇದು ಒಂದು ಟೆಂಡನ್ನಿನ ಪರೀಕ್ಷೆ. ಉಳಿದ ಮೂರು ಬೆರಳುಗಳನ್ನು ನೆಟ್ಟಗೆ ಹಿಡಿದು ಗಾಯದ ಬೆರಳನ್ನು ನಡುಗಂಟಿನಲ್ಲಿ ಮಡಚಿಸುವುದು ಇನ್ನೊಂದರದು. ಒಂದೇ ಬೆರಳಿಗೆ ಎರಡು ಹುರಿ ಇರುವುದರಿಂದ ಒಂದು ಕಡಿದರೂ ಬೆರಳು ಅರ್ಧ ಮಡಚುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ಕೊನೆಗೆ ಹತ್ತಿಯ ಎಳೆಯಿಂದ ಬೆರಳ ತುದಿಯ ಎರಡೂ ಬದಿ ಮುಟ್ಟಿ, ಪಕ್ಕದ ಬೆರಳಿನ ಹಾಗೇ ಗೊತ್ತಾಗುತ್ತದಾ ಎಂದು ಕೇಳಿ. ಇಂಜೆಕ್ಷನ್ ಕೊಟ್ಟ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ, ಎಲ್ಲವೂ ಜೋಮೇ.

ಬಲ ಹಾಕಿ ಮತ್ತೆ ಮತ್ತೆ ಮಡಚಿಸಬೇಡಿ. ಅರ್ಧ ಕಡಿದ ಹುರಿ ಪೂರ್ತಿ ಹರಿಯಬಹುದು. ಬೆರಳು ಮಡಚಿದರೂ ಗಾಯ ಆಳವಾಗಿದ್ದರೆ ಡಾಕ್ಟರಿಗೆ ನೇರವಾಗಿ ಕೇಳಿ: ‘ಟೆಂಡನ್, ನರ ಎರಡೂ ನೋಡಿದಿರಾ?’ ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಚಿಕ್ಕ ಮಕ್ಕಳು ಹೇಳಿದ ಹಾಗೆ ಮಡಚಿ ತೋರಿಸುವುದಿಲ್ಲ, ಅವರಿಗೆ ಗಾಯ ಮಾಗಿದ ಮೇಲೆ ಒಂದು ಉಪಾಯವಿದೆ. ನೀರಲ್ಲಿ ತುಂಬ ಹೊತ್ತು ಆಡಿದರೆ ಬೆರಳ ತುದಿ ಸುಕ್ಕುಗಟ್ಟುತ್ತದಲ್ಲ, ನರ ಕಡಿದ ಬೆರಳು ಸುಕ್ಕಾಗುವುದಿಲ್ಲ. ಸ್ನಾನ ಮಾಡಿಸುವಾಗ ನೋಡಿಕೊಳ್ಳಿ.

ಮೊದಲ ಹತ್ತು ನಿಮಿಷ

ಸ್ವಚ್ಛ ಬಟ್ಟೆ ಗಾಯದ ಮೇಲಿಟ್ಟು ಒತ್ತಿ ಹಿಡಿಯಿರಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ. ಹತ್ತು ನಿಮಿಷ ಒಂದೇ ಸಮನೆ ಒತ್ತಬೇಕು, ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ. ಕೈಯ ಹೆಚ್ಚಿನ ಗಾಯಗಳ ರಕ್ತ ಇಷ್ಟಕ್ಕೇ ನಿಲ್ಲುತ್ತದೆ.

ಉಂಗುರ, ಬಳೆ, ವಾಚು ಈಗಲೇ ತೆಗೆಯಿರಿ. ಬಾವು ಬಂದ ಮೇಲೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಬೆರಳ ಬುಡಕ್ಕೆ ರಬ್ಬರ್ ಬ್ಯಾಂಡ್, ತಂತಿ, ಬಾಳೆಪಟ್ಟೆಯ ಹಗ್ಗ ಏನನ್ನೂ ಬಿಗಿಯಬೇಡಿ. ಗಾಯಕ್ಕಿಂತ ಆ ಕಟ್ಟಿನಿಂದಲೇ ಬೆರಳು ಕಪ್ಪಾಗಬಹುದು. ಮೊಣಕೈ ಹತ್ತಿರ ದೊಡ್ಡ ರಕ್ತನಾಳ ಕಡಿದು, ಎಷ್ಟು ಒತ್ತಿದರೂ ನಿಲ್ಲದೆ ಜೀವಕ್ಕೇ ಅಪಾಯ ಎನ್ನುವ ಹಾಗಿದ್ದರೆ ಮಾತ್ರ ತೋಳಿಗೆ ಅಗಲವಾದ ಬಟ್ಟೆ ಬಿಗಿದು, ಬಿಗಿದ ಸಮಯವನ್ನು ಕೈ ಮೇಲೆಯೇ ಪೆನ್ನಿನಲ್ಲಿ ಬರೆದು, ಓಡಿ.

ಅರಿಶಿನ, ಕಾಫಿ ಪುಡಿ, ಸುಣ್ಣ, ಕಮ್ಯುನಿಸ್ಟ್ ಸೊಪ್ಪಿನ ರಸ ಬೇಡ. ತೋಟದಲ್ಲಿ ಸಣ್ಣ ತರಚು ಗಾಯಕ್ಕೆ ಆ ಸೊಪ್ಪು ಹಿಂಡುವುದು ನಮ್ಮ ಕಡೆ ಎಲ್ಲರಿಗೂ ರೂಢಿ, ನನಗೂ ಗೊತ್ತು. ಆದರೆ ಆಳದ ಗಾಯದಲ್ಲಿ ಡಾಕ್ಟರು ಒಂದು ಮಿಲಿಮೀಟರಿನ ರಕ್ತನಾಳ ಹುಡುಕಬೇಕು. ಅಲ್ಲಿ ಹಸಿರು ಚರಟ, ಕಾಫಿ ಪುಡಿ ತುಂಬಿದ್ದರೆ ಅದನ್ನು ತೊಳೆಯುವುದರಲ್ಲೇ ಹೊತ್ತು ಹೋಗುತ್ತದೆ. ಶುದ್ಧ ನೀರು ಸಾಕು.

ಆಪರೇಶನ್ ಬೇಕಾಗಬಹುದು ಅನ್ನಿಸಿದರೆ ಊಟ, ಚಹಾ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ಕಾಯಬೇಕಾಗುತ್ತದೆ.

ಆಲೆಮನೆಯವರಿಗೆ ಒಂದು ಮಾತು. ಕಬ್ಬಿನ ಜತೆ ಕೈ ಗಾಣದೊಳಗೆ ಹೋದರೆ ಮೊದಲು ಎಂಜಿನ್ ಬಂದ್ ಮಾಡಿ. ಹೆದರಿಕೆಯಲ್ಲಿ ಕೈಯನ್ನು ಎಳೆಯುವುದು, ಗಾಣವನ್ನು ಹಿಂದಕ್ಕೆ ತಿರುಗಿಸುವುದು ಎರಡೂ ಬೇಡ, ಉಳಿದ ಚರ್ಮವೂ ಸುಲಿದು ಬರುತ್ತದೆ. ರೋಲರಿನ ಬೋಲ್ಟ್ ಸಡಿಲ ಮಾಡಿ ಬಿಡಿಸಿ. ಕೈ ಸಿಕ್ಕಿಕೊಂಡ ಮೇಲೆ ಸ್ಪ್ಯಾನರ್ ಹುಡುಕುವ ಹಾಗಾಗಬಾರದು. ಗಾಣ ಹೂಡುವ ದಿನವೇ ಅದನ್ನು ಗಾಣದ ಪಕ್ಕ ಕಟ್ಟಿಡಿ.

ಬೆರಳು ತುಂಡಾಗಿ ಬಿದ್ದರೆ

ತುಂಡನ್ನು ಹುಡುಕಿ. ಎಷ್ಟೇ ಜಜ್ಜಿಹೋಗಿದ್ದರೂ ಎಸೆಯಬೇಡಿ. ಜೋಡಿಸಲು ಬಾರದಿದ್ದರೂ ಅದರ ಚರ್ಮ, ಎಲುಬು ಬೇರೆ ಬೆರಳಿಗೆ ಉಪಯೋಗಕ್ಕೆ ಬರಬಹುದು. ಚರ್ಮದಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಆ ಸಣ್ಣ ಚರ್ಮದಲ್ಲೇ ಒಂದು ರಕ್ತನಾಳ ಉಳಿದಿರಬಹುದು.

ಮಣ್ಣಿದ್ದರೆ ಶುದ್ಧ ನೀರಿನಲ್ಲೋ ಸಲೈನಿನಲ್ಲೋ ಒಮ್ಮೆ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೀರು ಒಳಹೋಗದ ಹಾಗೆ ಬಾಯಿ ಕಟ್ಟಿ. ಆ ಚೀಲವನ್ನು ಐಸು, ನೀರು ಎರಡೂ ಇರುವ ಡಬ್ಬಿಯಲ್ಲಿಡಿ. ಐಸಿಗೆ ಬೆರಳು ನೇರವಾಗಿ ತಾಗಬಾರದು, ಹಿಮ ಸುಟ್ಟ ಹಾಗಾಗಿ ಜೀವಕೋಶ ಸಾಯುತ್ತದೆ. ಫ್ರೀಜರಿನಲ್ಲಿಡಬಾರದು. ಬರೀ ನೀರಿನಲ್ಲಿ ಮುಳುಗಿಸಿಯೂ ಇಡಬಾರದು, ರಕ್ತನಾಳ ಊದಿಕೊಳ್ಳುತ್ತದೆ. ಕಾರವಾರದ ಬೈತಖೋಲ್, ತದಡಿ, ಕಾಸರಕೋಡ ಇಲ್ಲೆಲ್ಲ ಬಂದರಿನಲ್ಲಿ ಐಸಿಗೆ ಬರವಿಲ್ಲ. ಚೀಲದ ಬಾಯಿ ಕಟ್ಟಿರುವುದರಿಂದ ಮೀನಿನ ಐಸಾದರೂ ನಡೆಯುತ್ತದೆ. ಉಪ್ಪು ಬೆರೆಸಿದ ಐಸು ಮಾತ್ರ ಬೇಡ. ಉಪ್ಪು ಬಿದ್ದರೆ ಅದು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಬೆರಳು ಹೆಪ್ಪುಗಟ್ಟುತ್ತದೆ.

ಎಷ್ಟು ಹೊತ್ತು ಇದೆ ನಮ್ಮ ಕೈಯಲ್ಲಿ? ಬೆರಳಿನಲ್ಲಿ ಸ್ನಾಯು ಇಲ್ಲದಿರುವುದರಿಂದ ಅದು ಸ್ವಲ್ಪ ತಾಳುತ್ತದೆ. ತಣ್ಣಗಿಟ್ಟ ಬೆರಳಿಗೆ ಸಾಮಾನ್ಯವಾಗಿ 24 ಗಂಟೆ, ತಣ್ಣಗಿಡದಿದ್ದರೆ 12 ಗಂಟೆ ಎಂದು ಲೆಕ್ಕ. ಮುಂಗೈ, ತೋಳು ತುಂಡಾದರೆ ಸ್ನಾಯು ಜಾಸ್ತಿ, ಹಾಗಾಗಿ ಹೊತ್ತು ಕಡಿಮೆ. ತಣ್ಣಗಿಟ್ಟರೆ 12, ಇಲ್ಲದಿದ್ದರೆ 6 ಗಂಟೆ. ದೊಡ್ಡ ಆಸ್ಪತ್ರೆಗಳಿರುವ ಊರುಗಳ ದೂರ ನೋಡಿ: ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಭಟ್ಕಳದಿಂದ ಮಣಿಪಾಲ ಸುಮಾರು 90, ಕಾರವಾರದಿಂದ ಗೋವಾದ ಬಾಂಬೋಲಿ 100ಕ್ಕೆ ಸ್ವಲ್ಪ ಕಡಿಮೆ. ಅಂದರೆ ಐಸಿನ ಡಬ್ಬಿ ಸರಿಯಾಗಿದ್ದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಾವ ಮೂಲೆಯಿಂದ ಹೊರಟರೂ ಸಮಯವಿದೆ. ಸಮಯ ಹೋಗುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿ.

ಅದಕ್ಕೇ ಹೊರಡುವ ಮೊದಲು, ಇಲ್ಲವೇ ಗಾಡಿ ಹೊರಟ ಮೇಲೆ ಜತೆಗಿದ್ದವರೊಬ್ಬರು ಫೋನ್ ಹಚ್ಚಿ ಕೇಳಬೇಕು. ‘ಆಸ್ಪತ್ರೆ ತೆರೆದಿದೆಯಾ’ ಎಂದಲ್ಲ. ‘ಬೆರಳು ಜೋಡಿಸುವ ಮೈಕ್ರೊಸರ್ಜರಿ ಡಾಕ್ಟರು ಈಗ, ಈ ರಾತ್ರಿ, ಇದ್ದಾರಾ?’ ಎಂದು. ಪ್ಲಾಸ್ಟಿಕ್ ಸರ್ಜರಿ ಇಲ್ಲವೇ ಕೈ ಶಸ್ತ್ರಚಿಕಿತ್ಸೆ ಮಾಡುವ ವಿಭಾಗವನ್ನೇ ಕೇಳಿ. ವಾಟ್ಸಾಪಿನಲ್ಲಿ ಗಾಯದ ಫೋಟೋ, ತುಂಡಿನ ಫೋಟೋ, ಎಕ್ಸ್‌ರೇ ತೆಗೆದಿದ್ದರೆ ಅದೂ ಕಳಿಸಿ. ಇತ್ತೀಚೆಗೆ ಡಾಕ್ಟರುಗಳು ಫೋಟೋ ನೋಡಿಯೇ ಬನ್ನಿ, ಬೇಡ ಎಂದು ಹೇಳುತ್ತಾರೆ, ಥಿಯೇಟರ್ ಸಿದ್ಧ ಮಾಡಿಡುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಟಿಟಿ, ಆಂಟಿಬಯೋಟಿಕ್, ನೋವಿನ ಇಂಜೆಕ್ಷನ್ ಕೊಡಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು, ಆದರೆ ಅಲ್ಲಿ ಗಂಟೆಗಟ್ಟಲೆ ಕೂರಬೇಡಿ. 108 ಸಿಗದಿದ್ದರೆ, ಪೇಶಂಟ್ ಎಚ್ಚರವಾಗಿದ್ದು ರಕ್ತ ನಿಂತಿದ್ದರೆ, ಕಾರಿನಲ್ಲೇ ಹೊರಡಿ. ಆಧಾರ್, ರೇಶನ್ ಕಾರ್ಡ್ ಕಿಸೆಯಲ್ಲಿರಲಿ, ಆಯುಷ್ಮಾನ್ ಯೋಜನೆಗೆ ಬೇಕಾಗುತ್ತದೆ.

ಮಳೆಗಾಲದಲ್ಲಿ ಯಾವ ರಸ್ತೆ ತೆರೆದಿದೆ ಎಂದು ಮೊದಲೇ ವಿಚಾರಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನಮಗೆಲ್ಲ ನೆನಪಿದೆ. ಘಟ್ಟ ಹತ್ತುವುದೋ, ಕರಾವಳಿಯಲ್ಲೇ ದಕ್ಷಿಣಕ್ಕೆ ಹೋಗುವುದೋ ಎನ್ನುವುದನ್ನು ಅರ್ಧ ದಾರಿಯಲ್ಲಿ ತೀರ್ಮಾನಿಸುವ ಹಾಗಾಗಬಾರದು.

ಎಲ್ಲ ಬೆರಳನ್ನೂ ಜೋಡಿಸುತ್ತಾರಾ?

ಇಲ್ಲ. ಜೋಡಿಸದಿದ್ದರೆ ಡಾಕ್ಟರು ಕೈಬಿಟ್ಟರು ಎಂದು ತಿಳಿಯಬೇಡಿ. ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಯಶಸ್ವಿಯಾಗಿ ಮರುಜೋಡಿಸಿದ್ದು ಜಪಾನಿನ ನಾರಾದಲ್ಲಿ, 1965ರಲ್ಲಿ. ಕೊಮಾತ್ಸು ಮತ್ತು ತಮಾಯ್ ಎಂಬ ಇಬ್ಬರು ಡಾಕ್ಟರು ಮಾಡಿದ್ದು. ಆಮೇಲೆ ಕೆಲವು ದಶಕ ‘ಜೋಡಿಸಲು ಆಗುತ್ತದಾ’ ಎನ್ನುವುದೇ ಪ್ರಶ್ನೆಯಾಗಿತ್ತು. ಈಗ ‘ಜೋಡಿಸಿದರೆ ಆ ಬೆರಳು ಕೆಲಸ ಮಾಡುತ್ತದಾ’ ಎಂದು ಕೇಳುತ್ತಾರೆ. ಈ ಬದಲಾವಣೆ ಸರಿ ಎಂದೇ ನನ್ನ ಅಭಿಪ್ರಾಯ.

ಹೆಬ್ಬೆರಳಾದರೆ, ಒಂದಕ್ಕಿಂತ ಹೆಚ್ಚು ಬೆರಳು ಹೋಗಿದ್ದರೆ, ಅಂಗೈ, ಮಣಿಕಟ್ಟಿನಲ್ಲಿ ಕಡಿದಿದ್ದರೆ, ಮಗುವಾದರೆ, ಸಾಧ್ಯವಿದ್ದಷ್ಟೂ ಜೋಡಿಸಲು ನೋಡುತ್ತಾರೆ. ಹೆಬ್ಬೆರಳು ಇಲ್ಲದ ಕೈ ದೋಟಿ ಹಿಡಿಯಲಾರದು, ಸೂಜಿ ಹಿಡಿಯಲಾರದು. ಅದೇ ದೊಡ್ಡವರ ಒಂದೇ ಬೆರಳು ಬುಡದ ಹತ್ತಿರ ಕಡಿದಿದ್ದರೆ, ಜೋಡಿಸಿದರೂ ಅದು ಕೋಲಿನ ಹಾಗೆ ಸೆಟೆದು ಉಳಿದ ಬೆರಳುಗಳಿಗೂ ಅಡ್ಡ ಬರುವ ಸಂಭವ ಜಾಸ್ತಿ. ಬೋಟಿನ ವಿಂಚಿಗೆ (ಬಲೆಯ ಹಗ್ಗ ಸುತ್ತುವ ಯಂತ್ರಕ್ಕೆ) ಹಗ್ಗದ ಜತೆ ಸಿಕ್ಕಿ ಕಿತ್ತುಬಂದ ಬೆರಳು ಇನ್ನೂ ಕಷ್ಟ. ಕತ್ತಿಯಲ್ಲಿ ಕಡಿದರೆ ರಕ್ತನಾಳದ ಬಾಯಿ ನೇರವಾಗಿರುತ್ತದೆ, ಎಳೆದು ಕಿತ್ತರೆ ಒಳಗೆ ಉದ್ದಕ್ಕೂ ಹರಿದಿರುತ್ತದೆ. ವಿಂಚಿನ ಕೆಲಸಕ್ಕೆ ಹೋಗುವಾಗ ದಯವಿಟ್ಟು ಉಂಗುರ ತೆಗೆದಿಟ್ಟು ಹೋಗಿ.

ಜೋಡಿಸಿದ ಮೇಲೆ ಒಂದು ವಾರದಷ್ಟು ಆಸ್ಪತ್ರೆಯಲ್ಲಿರಬೇಕು. ಬೆರಳಿನ ಬಣ್ಣ, ಬಿಸಿ ಮತ್ತೆ ಮತ್ತೆ ನೋಡುತ್ತಾರೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಪೂರ್ತಿ ಬಂದ್. ನಿಕೋಟಿನ್ ರಕ್ತನಾಳವನ್ನು ಹಿಂಡುತ್ತದೆ. ಪಕ್ಕದ ಮಂಚದವರು ಸೇದಿದ ಹೊಗೆಯೂ ಬೇಡ. ಬೆರಳಿಗೆ ರಕ್ತ ಬರುತ್ತಿದ್ದು ಹೊರಹೋಗದೆ ನೀಲಿಗಟ್ಟಿದರೆ ಕೆಲವು ಕಡೆ ಇಂದಿಗೂ ಜಿಗಣೆ ಹಚ್ಚುತ್ತಾರೆ. ಅದು ಔಷಧಕ್ಕೆಂದು ಸಾಕಿದ ಜಿಗಣೆ, ಅದರ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಬೇರೆ ಆಂಟಿಬಯೋಟಿಕ್ ಕೊಡುತ್ತಾರೆ. ನಮ್ಮ ಕಾಡಿನ ಉಂಬಳ ಇದಕ್ಕಲ್ಲ.

ಬೆರಳ ತುದಿಯಷ್ಟೇ, ಉಗುರಿನ ಮಟ್ಟದಲ್ಲಿ, ಹಾರಿಹೋಗಿದ್ದರೆ ಹಲವು ಸಲ ಆಪರೇಶನ್ನೇ ಬೇಡ. ಗಾಳಿಯಾಡದ ಹಾಗೆ ಪಾರದರ್ಶಕ ಡ್ರೆಸ್ಸಿಂಗ್ ಹಚ್ಚಿ ವಾರಕ್ಕೊಮ್ಮೆ ಬದಲಿಸುತ್ತಾರೆ. ನಾಲ್ಕರಿಂದ ಆರು ವಾರದಲ್ಲಿ ಮಾಂಸ ತಾನಾಗಿ ತುಂಬುತ್ತದೆ. ಮಕ್ಕಳಲ್ಲಂತೂ ಚೆನ್ನಾಗಿ ಬೆಳೆಯುತ್ತದೆ. ಒಳಗೆ ಕಂದು ನೀರು ಸೇರಿ ವಾಸನೆ ಬರುತ್ತದೆ, ಕೀವಾಯಿತು ಎಂದು ಹೆದರಿ ಬಿಚ್ಚಬೇಡಿ. ಜ್ವರ, ಮೇಲಕ್ಕೆ ಹಬ್ಬುವ ಕೆಂಪು, ಹೆಚ್ಚುತ್ತಾ ಹೋಗುವ ನೋವು, ಈ ಮೂರರಲ್ಲಿ ಒಂದಿದ್ದರೆ ಮಾತ್ರ ಓಡಿ.

ಎಚ್ಚರವಿದ್ದೇ ಆಪರೇಶನ್

ಟೆಂಡನ್ ಕಡಿದರೆ ಆ ರಾತ್ರಿಯೇ ಜೋಡಿಸಬೇಕೆಂದಿಲ್ಲ. ಗಾಯ ತೊಳೆದು ಚರ್ಮ ಮುಚ್ಚಿ, ಅನುಭವವಿದ್ದವರ ಹತ್ತಿರ ಕೆಲವೇ ದಿನಗಳಲ್ಲಿ ಮಾಡಿಸಿದರೂ ನಡೆಯುತ್ತದೆ. ವಾರಗಳು ದಾಟಿದರೆ ಸ್ನಾಯು ಮೋಟಾಗುತ್ತದೆ, ಹುರಿ ಓಡಾಡುವ ಕೊಳವೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಎರಡು ಆಪರೇಶನ್ ಬೇಕಾಗುತ್ತದೆ. ಮೊದಲು ಸಿಲಿಕೋನ್ ಕಡ್ಡಿ ಇಟ್ಟು ದಾರಿ ಮಾಡಿ, ಸುಮಾರು ಮೂರು ತಿಂಗಳ ಮೇಲೆ ಬೇರೆ ಕಡೆಯ ಟೆಂಡನ್ ತಂದು ಕೂರಿಸುವುದು. ಅಪ್ಪಯ್ಯನಿಗೆ ಹೇಳಿದ್ದೂ ಇದನ್ನೇ. ಕೊಯ್ಲಿನ ಹೊತ್ತು, ದುಡ್ಡು, ಎರಡು ಸಲ ಹುಬ್ಬಳ್ಳಿ, ಇದೆಲ್ಲ ಲೆಕ್ಕ ಹಾಕಿ ಅವರು ಬೇಡ ಎಂದರು.

ಬೆರಳಿನ ಬುಡದಿಂದ ನಡುಗಂಟಿನ ಆಚೆಯವರೆಗಿನ ಒಳಭಾಗದಲ್ಲಿ ಎರಡೂ ಹುರಿಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಓಡುತ್ತವೆ. ಅಲ್ಲಿ ಹೊಲಿದರೆ ಅಂಟಿಕೊಂಡುಬಿಡುತ್ತದೆ ಎಂದು ಅಮೆರಿಕದ ಕೈ ಸರ್ಜನ್ ಸ್ಟರ್ಲಿಂಗ್ ಬನ್ನೆಲ್ ಆ ಜಾಗವನ್ನು ‘ಯಾರದ್ದೂ ಅಲ್ಲದ ನೆಲ’ ಎಂದು ಕರೆದರು. ತುಂಬ ವರ್ಷ ಡಾಕ್ಟರುಗಳು ಅಲ್ಲಿ ಕೈ ಹಾಕುತ್ತಲೇ ಇರಲಿಲ್ಲ. 1960ರ ದಶಕದಲ್ಲಿ ಕ್ಲೈನರ್ಟ್, ವೆರ್ಡಾನ್ ಮುಂತಾದವರು ಅಲ್ಲೂ ಆಗಲೇ ಹೊಲಿಯಬಹುದು ಎಂದು ತೋರಿಸಿದರು. ಈಗ ಎರಡು ಎಳೆಯ ಬದಲು ನಾಲ್ಕು, ಆರು ಎಳೆ ದಾರ ಹಾಯಿಸಿ ಗಟ್ಟಿ ಹೊಲಿಯುತ್ತಾರೆ. ಹೊಲಿಗೆ ಗಟ್ಟಿಯಿದ್ದರೆ ಕೆಲವೇ ದಿನಗಳಲ್ಲಿ ಬೆರಳನ್ನು ತಾನಾಗಿ ಅಲ್ಲಾಡಿಸಬಹುದು, ಅಲ್ಲಾಡಿಸಿದರೆ ಅಂಟುವುದು ಕಡಿಮೆ.

ಇನ್ನೊಂದು ದೊಡ್ಡ ಬದಲಾವಣೆ ಅರಿವಳಿಕೆಯದು. ಬೆರಳಿಗೆ ಅಡ್ರಿನಲಿನ್ ಬೆರೆಸಿದ ಇಂಜೆಕ್ಷನ್ ಕೊಟ್ಟರೆ ಬೆರಳು ಸಾಯುತ್ತದೆ ಎಂದು ತಲೆಮಾರುಗಟ್ಟಲೆ ಡಾಕ್ಟರಿಗೆ ಕಲಿಸುತ್ತಿದ್ದರು. ಕೆನಡಾದ ಡೊನಾಲ್ಡ್ ಲಲೊಂಡ್ ಮತ್ತು ಜತೆಗಾರರು 2005ರಲ್ಲಿ 3,110 ಪೇಶಂಟುಗಳ ಲೆಕ್ಕ ಪ್ರಕಟಿಸಿದರು. ಕೈಗೆ, ಬೆರಳಿಗೆ ಕಡಿಮೆ ಪ್ರಮಾಣದ ಅಡ್ರಿನಲಿನ್ ಕೊಟ್ಟಿದ್ದರೂ ಅದರಲ್ಲಿ ಒಬ್ಬರದ್ದೂ ಬೆರಳು ಸತ್ತಿರಲಿಲ್ಲ. ಲಿಗ್ನೊಕೇನ್ ಜೋಮು ಬರಿಸುತ್ತದೆ, ಅಡ್ರಿನಲಿನ್ ರಕ್ತ ನಿಲ್ಲಿಸುತ್ತದೆ. ತೋಳಿಗೆ ಬಿಗಿಯುವ ಪಟ್ಟಿಯೂ ಬೇಡ, ನಿದ್ದೆ ಬರಿಸುವುದೂ ಬೇಡ. ಇದನ್ನು ವಾಲಂಟ್ ಎನ್ನುತ್ತಾರೆ. ಪೇಶಂಟ್ ಎಚ್ಚರವಿರುವುದರಿಂದ ಹೊಲಿದ ಕೂಡಲೇ ಡಾಕ್ಟರು ‘ಮಡಚಿ ನೋಡುವಾ’ ಎನ್ನುತ್ತಾರೆ. ಹೊಲಿಗೆ ಬಾಯಿ ಬಿಟ್ಟರೆ, ಕೊಳವೆಗೆ ಸಿಕ್ಕಿಕೊಂಡರೆ ಅಲ್ಲೇ ಕಾಣುತ್ತದೆ, ಅಲ್ಲೇ ಸರಿ ಮಾಡುತ್ತಾರೆ. ತನ್ನ ಬೆರಳು ಮಡಚಿದ್ದನ್ನು ಆಪರೇಶನ್ ಮೇಜಿನ ಮೇಲೆಯೇ ಕಣ್ಣಾರೆ ನೋಡಿದ ಪೇಶಂಟ್ ಆಮೇಲೆ ವ್ಯಾಯಾಮ ಬಿಡುವುದು ಕಡಿಮೆ, ಇದು ನಾನು ಕಂಡದ್ದು. ಬಿಪಿ, ಶುಗರ್ ಇರುವ ವಯಸ್ಸಾದವರಿಗೂ ಅನುಕೂಲ. ನಿಮ್ಮ ಡಾಕ್ಟರನ್ನು ಕೇಳಿ, ಹೆದರಬೇಡಿ. ಎಲ್ಲ ಗಾಯಕ್ಕೂ ಇದು ಆಗುವುದಿಲ್ಲ, ಮಕ್ಕಳಿಗೆ ಬೇರೆ ಕ್ರಮವೇ ಬೇಕಾಗಬಹುದು.

ಆಮೇಲಿನ ಮೂರು ತಿಂಗಳು

ಆಪರೇಶನ್ ಎರಡು ಗಂಟೆಯದು. ಉಳಿದದ್ದು ನಿಮ್ಮ ಕೈಯಲ್ಲಿ.

ಬೆರಳು ಮಡಚುವ ಟೆಂಡನ್ ಹೊಲಿದ ಮೇಲೆ ಕೈಯ ಹಿಂಬದಿಗೆ ಒಂದು ಸ್ಪ್ಲಿಂಟ್, ಅಂದರೆ ಕೈಯನ್ನು ಅಲ್ಲಾಡದ ಹಾಗೆ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ, ಕೊಡುತ್ತಾರೆ. ಸುಮಾರು ಆರು ವಾರ ಅದು ಇರಬೇಕು, ಮಲಗುವಾಗಲೂ. ಈ ಹೊತ್ತಿನಲ್ಲಿ ಎರಡು ತಪ್ಪು ನಡೆಯುತ್ತವೆ. ಹೆದರಿದವರು ಬೆರಳನ್ನು ಅಲ್ಲಾಡಿಸುವುದೇ ಇಲ್ಲ, ಹುರಿ ಅಂಟಿಕೊಳ್ಳುತ್ತದೆ. ಧೈರ್ಯ ಜಾಸ್ತಿಯಾದವರು ಮೂರನೇ ವಾರಕ್ಕೆ ಬೆರಳು ಚೆನ್ನಾಗಿ ಮಡಚುತ್ತದೆ ಎಂದು ಕೊಡಪಾನ ಎತ್ತುತ್ತಾರೆ, ಟಪ್ ಎಂದು ಹರಿಯುತ್ತದೆ. ಸರಿಯಾದ ದಾರಿ ಇವೆರಡರ ನಡುವೆ. ಸ್ಪ್ಲಿಂಟಿನೊಳಗೇ, ಬಲ ಹಾಕದೆ, ಹೇಳಿದಷ್ಟು ಸಲ, ಹೇಳಿದಷ್ಟೇ ಮಡಚುವುದು. ದಿನಕ್ಕೆ ಒಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಗಂಟೆಗೊಮ್ಮೆ ಎರಡು ನಿಮಿಷ ಮಾಡುವುದು ಮೇಲು. ಮೊದಲು ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ಮಡಚಿ ಸಡಿಲ ಮಾಡಿಕೊಳ್ಳಿ, ಆಮೇಲೆ ಅದಾಗಿ ಮಡಚಲಿ.

ಸ್ಪ್ಲಿಂಟನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಒಲೆಯ ಹತ್ತಿರ ಇಡಬೇಡಿ. ಬಿಸಿ ನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಮಾಡಿರುತ್ತಾರೆ, ಆಕಾರ ಹೋಗುತ್ತದೆ. ಮಳೆಗಾಲದಲ್ಲಿ ಒಳಗೆ ಹತ್ತಿಯ ಕೈಗವಸು ಹಾಕಿಕೊಳ್ಳಿ, ದಿನಾ ಬದಲಿಸಿ, ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ. ಕುಮಟಾ, ಶಿರಸಿಯಿಂದ ವಾರವಾರ ಮಣಿಪಾಲಕ್ಕೆ ಹೋಗುವುದು ಎಲ್ಲರಿಗೂ ಆಗದ ಮಾತು. ಹಾಗಾಗಿ ಮೊದಲ ಭೇಟಿಯಲ್ಲೇ ವ್ಯಾಯಾಮದ ವೀಡಿಯೋ ಮಾಡಿಕೊಳ್ಳಿ, ವೀಡಿಯೋ ಕಾಲಿನಲ್ಲಿ ತೋರಿಸಲು ಆಗುತ್ತದಾ ಕೇಳಿ. ಈಗ ಈ ಪದ್ಧತಿ ಚೆನ್ನಾಗಿ ಬೆಳೆದಿದೆ.

ಆರು ವಾರದ ಮೇಲೆ ಸಣ್ಣ ಕೆಲಸ. ಬಟ್ಟಲಿನಿಂದ ಊಟ, ಗುಂಡಿ ಹಾಕುವುದು, ಮೆತ್ತಗೆ ಕಲಸಿದ ಚಪಾತಿ ಹಿಟ್ಟು ಅಮುಕುವುದು. ಕಲೆಯ ಮೇಲೆ ತೆಂಗಿನೆಣ್ಣೆ ಹಚ್ಚಿ ದಿನಕ್ಕೆ ಮೂರು ನಾಲ್ಕು ಸಲ ಒತ್ತಿ ತಿಕ್ಕಿ, ಒಳಗಿನ ಅಂಟು ಸಡಿಲವಾಗುತ್ತದೆ. ಕತ್ತಿ, ಗುದ್ದಲಿ, ಬಲೆ ಎಳೆಯುವುದು 12 ವಾರ ಆದಮೇಲೆ, ಅದೂ ಡಾಕ್ಟರು ನೋಡಿ ಹೇಳಿದ ಮೇಲೆ.

ನರವನ್ನೂ ಹೊಲಿದಿದ್ದರೆ ತಾಳ್ಮೆ ಬೇಕು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಕಡಿದ ನರ ಬೆರಳ ತುದಿ ಮುಟ್ಟಲು ಆರು ತಿಂಗಳು, ಅದಕ್ಕೂ ಜಾಸ್ತಿ. ಅಷ್ಟರವರೆಗೆ ಆ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಗಂಜಿ ಬಸಿಯುವಾಗ, ದೋಸೆ ಕಾವಲಿ ಹತ್ತಿರ ಸುಟ್ಟುಕೊಂಡು ಬಂದವರನ್ನು ಸಾಕಷ್ಟು ನೋಡಿದ್ದೇನೆ. ಗಾಯದ ಮೇಲೆ ಬೆರಳಿನಿಂದ ತಟ್ಟಿದಾಗ ಕರೆಂಟು ಹೊಡೆದ ಹಾಗೆ ಜುಂ ಎಂದರೆ, ಆ ಜುಂ ತಿಂಗಳು ತಿಂಗಳು ತುದಿಯ ಕಡೆ ಸರಿಯುತ್ತಿದ್ದರೆ, ನರ ಬೆಳೆಯುತ್ತಿದೆ. ಮುಟ್ಟಿದರೆ ಕಿರಿಕಿರಿ ಆಗುವ ಬೆರಳಿಗೆ ಅಕ್ಕಿ ಡಬ್ಬಿಯೇ ಔಷಧ. ಮೊದಲು ಹತ್ತಿ, ಆಮೇಲೆ ಟವೆಲು, ಆಮೇಲೆ ಅಕ್ಕಿಯೊಳಗೆ ಕೈ ಆಡಿಸುವುದು. ಕಣ್ಣು ಮುಚ್ಚಿ ಅಕ್ಕಿಯೊಳಗಿಂದ ಒಂದು ಅಡಿಕೆ, ಒಂದು ನಾಣ್ಯ ಹುಡುಕಿ ಯಾವುದು ಎಂದು ಹೇಳಿ. ಮಿದುಳಿಗೆ ಆ ಬೆರಳನ್ನು ಮತ್ತೆ ಪರಿಚಯ ಮಾಡಿಸುವ ಕೆಲಸ ಇದು.

ಗಾಯ ಸಣ್ಣದು, ಅಪಾಯ ದೊಡ್ಡದು

ಮೂರನ್ನು ಹೇಳಲೇಬೇಕು. ಗ್ರೀಸ್ ಗನ್, ಪೇಂಟ್ ಗನ್, ಬೋಟಿನ ಡೀಸೆಲ್ ನಾಝಲ್ ಬೆರಳಿಗೆ ಸಿಡಿದರೆ ಕಾಣುವುದು ಸೂಜಿ ಚುಚ್ಚಿದಷ್ಟು ತೂತು. ಮೊದಲು ನೋವೂ ಇಲ್ಲದಿರಬಹುದು. ಒಳಗೆ ಮಾತ್ರ ಎಣ್ಣೆ ಅಂಗೈವರೆಗೆ ನುಗ್ಗಿರುತ್ತದೆ. ಅದೇ ದಿನ, ಕೆಲವೇ ಗಂಟೆಗಳಲ್ಲಿ ಕೊಯ್ದು ತೊಳೆಯದಿದ್ದರೆ ಬೆರಳು ಹೋಗುವ ಸಂಭವ ಬಹಳ.

ಮೀನಿನ ಮುಳ್ಳು ಚುಚ್ಚಿ, ಎರಡು ಮೂರು ವಾರದ ಮೇಲೆ ಅಲ್ಲಿ ಮಾಗದ ಗಂಟು ಎದ್ದರೆ ಡಾಕ್ಟರಿಗೆ ‘ಮೀನಿನ ಮುಳ್ಳು ಚುಚ್ಚಿತ್ತು’ ಎಂದು ಹೇಳುವುದನ್ನು ಮರೆಯಬೇಡಿ. ನೀರಲ್ಲಿರುವ, ಕ್ಷಯದ ಜಾತಿಗೇ ಸೇರಿದ ಒಂದು ಬ್ಯಾಕ್ಟೀರಿಯಾ ಇದಕ್ಕೆ ಕಾರಣವಿರಬಹುದು. ಮಾಮೂಲಿ ಐದು ದಿನದ ಮಾತ್ರೆಗೆ ಅದು ಹೋಗುವುದಿಲ್ಲ, ತಿಂಗಳುಗಟ್ಟಲೆ ಔಷಧ ಬೇಕು. ಅದೇ ಚುಚ್ಚಿದ ಕೆಲವೇ ಗಂಟೆಗಳಲ್ಲಿ ಕೈ ಊದಿ, ನೀಲಿ ಗುಳ್ಳೆ ಎದ್ದು, ಜ್ವರ ಬಂದರೆ ಅದು ಬೇರೆಯೇ ಸೋಂಕು. ಅದರಲ್ಲೂ ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಿಗೆ ಜೀವಕ್ಕೇ ಅಪಾಯ, ಬೆಳಗಾಗಲಿ ಎಂದು ಕಾಯಬೇಡಿ.

ಮೂರನೆಯದು ಮಕ್ಕಳ ಮೊಣಕೈ ಮುರಿತ. ಪೇರಳೆ ಮರದಿಂದ ಬಿದ್ದ ಮಗುವಿಗೆ ಬಿದಿರು ಪಟ್ಟಿ ಬಿಗಿದು ಕಟ್ಟಿ, ರಾತ್ರಿಯೆಲ್ಲ ಅಳುತ್ತಿದ್ದರೂ ‘ಎಲುಬು ಕೂಡುವ ನೋವು’ ಎಂದು ಸುಮ್ಮನಿರಿಸುತ್ತಾರೆ. ಬೆರಳನ್ನು ಮೆಲ್ಲಗೆ ಬಿಡಿಸಿದರೆ ಮಗು ಕಿರುಚುತ್ತದೆಯಾ, ಮುಂಗೈ ಕಲ್ಲಿನ ಹಾಗೆ ಬಿಗಿದಿದೆಯಾ? ಹಾಗಿದ್ದರೆ ಕಟ್ಟನ್ನು ಆಗಲೇ ಪೂರ್ತಿ ಬಿಚ್ಚಿ, ಆಸ್ಪತ್ರೆಗೆ ಹೋಗಿ. ಒಳಗಿನ ಒತ್ತಡಕ್ಕೆ ಸ್ನಾಯು ರಕ್ತವಿಲ್ಲದೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಕೈ ಜೀವಮಾನವಿಡೀ ಹಕ್ಕಿಯ ಉಗುರಿನ ಹಾಗೆ ಸೊಟ್ಟಗಾಗಿ ಉಳಿಯುತ್ತದೆ. ಜರ್ಮನಿಯ ಸರ್ಜನ್ ಫೋಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರಿನಿಂದಲೂ ಇದು ಆಗಬಹುದು, ಹಾಗಾಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ರಾತ್ರಿಯೂ ಇದನ್ನೇ ನೋಡಿ.

ಗಾಯ, ಟೆಂಡನ್, ನರ ಎಲ್ಲ ಮಾಗಿದ ಮೇಲೂ ಒಂದು ತೊಂದರೆ ಉಳಿಯುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಚಳಿ. ಘಟ್ಟದ ಮೇಲೆ ಡಿಸೆಂಬರಿನ ಬೆಳಿಗ್ಗೆ ಅಡಿಕೆ ಕೊನೆ ಕೊಯ್ಲಿಗೆ ಹೊರಟಾಗ ಗಾಯವಾದ ಬೆರಳು ಬಿಳಿಚಿಕೊಂಡು ಸೆಳೆಯುತ್ತದೆ. ಹೊಸ ತೊಂದರೆ ಶುರುವಾಯಿತು ಎಂದು ಗಾಬರಿಯಾಗಬೇಡಿ. ಒಂದೆರಡು ವರ್ಷ ಹೀಗಿರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಉಣ್ಣೆಯ ಕೈಗವಸು ಹಾಕಿಕೊಂಡು, ಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈ ಅದ್ದಿ, ಆಮೇಲೆ ತೋಟಕ್ಕೆ ಇಳಿಯಿರಿ. ನೀರಿನ ಬಿಸಿಯನ್ನು ಮಾತ್ರ ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿಕೊಂಡು.